ಕಣ್ಣಿಗೆ ಕಟ್ಟಿದ ಕಾರ್ಖಾನೆ

(ಕೊಟ್ಟೂರಿನಲ್ಲಿ ಸೇರಿದ್ದ ಐದು ತಾಲ್ಲೂಕುಗಳ ಯುವ ಕಾರ್ಮಿಕರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಿಂದ ನೀವು ಬಂದಿದ್ದೀರಿ. ನಿಮ್ಮಲ್ಲಿ ಹಲವರು ಐಟಿಐ ಮುಗಿಸಿದವರು. ಕೆಲವರು ಇನ್ನೂ ಕಲಿಯುತ್ತಿರುವವರು. ಉಳಿದವರು ಮಳೆ ಕೈಕೊಟ್ಟ ವರ್ಷ ಗುಳೆ ಹೋಗಿ, ಎಲ್ಲೋ ಒಂದು ಕಾರ್ಖಾನೆಯ ಗೇಟಿನಲ್ಲಿ ಕಂಟ್ರಾಕ್ಟರನ ಕೆಳಗೆ ಹೆಸರು ಬರೆಸಿ ಬಂದವರು. ನನಗೆ ಇಂದು ಮಾತನಾಡಲು ಕೊಟ್ಟಿರುವ ವಿಷಯದ ಹೆಸರು 'ಎಕ್ಸ್‌ಆರ್' ಎಂದು. ಬೋರ್ಡಿನ ಮೇಲೆ ಅದನ್ನು ಬರೆದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ಕುಡಿಯುವ ನೀರಿನ ಮಾತು, ಕೂಲಿಯ ಮಾತು ಬಿಟ್ಟು ಮೇಷ್ಟ್ರು ಇಂದ್ರಜಾಲದ ಮಾತು ತೆಗೆದರಲ್ಲ ಎಂದು ಅವರಿಗೆ ಅನ್ನಿಸಿರಬಹುದು. ಇದೂ ಕೂಲಿಯ ಮಾತೇ. ಕೊನೆಯವರೆಗೆ ಕೇಳಿ, ಆಮೇಲೆ ನಗುವುದಿದ್ದರೆ ಒಟ್ಟಿಗೆ ನಗೋಣ.

ಇದು ಎಂಥ ವಸ್ತು?

ಮೊದಲು ವಸ್ತು ಯಾವುದೆಂದು ತಿಳಿಯೋಣ. ಎಕ್ಸ್‌ಆರ್ ಎಂದರೆ ವಿಸ್ತೃತ ವಾಸ್ತವ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನ್ನು ವಿಆರ್ ಎನ್ನುತ್ತಾರೆ. ಕಣ್ಣುಗಳನ್ನು ಪೂರ್ತಿ ಮುಚ್ಚುವ ಒಂದು ಡಬ್ಬಿಯನ್ನು ತಲೆಗೆ ಕಟ್ಟುತ್ತಾರೆ. ಒಳಗೆ ಎರಡು ಮಸೂರ, ಎರಡು ಚಿತ್ರ. ಬಲಗಣ್ಣಿನ ಚಿತ್ರಕ್ಕೂ ಎಡಗಣ್ಣಿನ ಚಿತ್ರಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಆ ವ್ಯತ್ಯಾಸದಿಂದಲೇ ನಮ್ಮ ಮಿದುಳು ಹತ್ತಿರ ಯಾವುದು, ದೂರ ಯಾವುದು ಎಂದು ಅಳೆಯುತ್ತದೆ. ನೀವು ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಹೀಗಾಗಿ ಕೊಠಡಿಯಲ್ಲಿ ಕುಳಿತವನಿಗೆ ತಾನು ಗಣಿಯ ಅಂಚಿನಲ್ಲಿ ನಿಂತಂತೆ ಕಾಣುತ್ತದೆ. ಇನ್ನೊಂದನ್ನು ಎಆರ್ ಎನ್ನುತ್ತಾರೆ. ಅದರಲ್ಲಿ ಕಣ್ಣು ಮುಚ್ಚುವುದಿಲ್ಲ. ಪಾರದರ್ಶಕ ಕನ್ನಡಕದ ಮೂಲಕ ಎದುರಿಗಿರುವ ನಿಜವಾದ ಯಂತ್ರವನ್ನೇ ನೋಡುತ್ತೀರಿ. ಅದರ ಮೇಲೆ 'ಈ ನಟ್ಟನ್ನು ಮೊದಲು ಬಿಚ್ಚು, ಈ ತಂತಿಯನ್ನು ಮುಟ್ಟಬೇಡ' ಎಂಬ ಗುರುತುಗಳು ಮೂಡುತ್ತವೆ. ಎರಡನ್ನೂ ಬೆರೆಸಿದ್ದೂ ಉಂಟು. ಎಲ್ಲವನ್ನೂ ಸೇರಿಸಿ ಕರೆಯುವ ಹೆಸರು ಎಕ್ಸ್‌ಆರ್.

ಇದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ ನೆಲದ ಮೇಲೇ ಕುಳಿತು ವಿಮಾನ ಹಾರಿಸುವುದನ್ನು ಕಲಿಯುವ ಪೆಟ್ಟಿಗೆಯೊಂದನ್ನು ಮಾಡಿದ. ಸರಕಾರ ಅದನ್ನು ಕೂಡಲೇ ಕೊಳ್ಳಲಿಲ್ಲ. 1934ರಲ್ಲಿ ಅಲ್ಲಿಯ ಸೈನ್ಯದ ವೈಮಾನಿಕರಿಗೆ ಟಪಾಲು ಸಾಗಿಸುವ ಕೆಲಸ ವಹಿಸಿದರು. ಮಂಜಿನಲ್ಲಿ, ಕತ್ತಲಲ್ಲಿ ಹಾರಲು ತಿಳಿಯದೆ ಅನೇಕರು ಸತ್ತರು. ಆ ಮೇಲೆ ಸೈನ್ಯ ಆರು ಪೆಟ್ಟಿಗೆಗಳನ್ನು ಕೊಂಡಿತು. ಇದನ್ನು ನೆನಪಿಡಿ: ಸಾಧನ ಮೊದಲೇ ಇತ್ತು, ಸಾವು ಬಂದ ಮೇಲೆ ಹಣ ಬಂತು. 1968ರಲ್ಲಿ ಐವಾನ್ ಸದರ್‌ಲ್ಯಾಂಡ್ ಎಂಬ ವಿಜ್ಞಾನಿ ತಲೆಗೆ ಕಟ್ಟುವ ಮೊದಲ ಸಾಧನವನ್ನು ತೋರಿಸಿದ. ಅದು ಎಷ್ಟು ಭಾರವಿತ್ತೆಂದರೆ ಸೂರಿನಿಂದ ತೂಗುಹಾಕಬೇಕಾಗಿತ್ತು. 1990ರ ನಂತರ ಬೋಯಿಂಗ್ ವಿಮಾನ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬವರು ಇದನ್ನು ಕಾರ್ಖಾನೆಗೆ ತರುವ ಯೋಚನೆ ಮಾಡಿದರು. ವಿಮಾನದೊಳಗೆ ಸಾವಿರಾರು ತಂತಿಗಳು. ಕೆಲಸಗಾರರು ದೊಡ್ಡ ದೊಡ್ಡ ಹಲಗೆಗಳ ಮೇಲೆ ನಕ್ಷೆ ನೋಡಿ ಅವನ್ನು ಜೋಡಿಸಿ ಕಂತೆ ಕಟ್ಟುತ್ತಿದ್ದರು. ಆ ನಕ್ಷೆಯನ್ನು ಹಲಗೆಯ ಮೇಲೆ ಬರೆಯುವ ಬದಲು ಕೆಲಸಗಾರನ ಕಣ್ಣಿನ ಮುಂದೆಯೇ ಮೂಡಿಸಿದರೆ ಹೇಗೆ ಎಂದು ಅವರು ಕೇಳಿದರು. ಎಆರ್ ಎಂಬ ಹೆಸರು ಹುಟ್ಟಿದ್ದು ಅಲ್ಲಿಯೇ. ಆಟದ ಸಾಮಾನಾಗಿ ಅಲ್ಲ, ಕಾರ್ಖಾನೆಯ ಕೆಲಸಕ್ಕಾಗಿ ಹುಟ್ಟಿತು.

ನಮ್ಮ ಸುತ್ತ ಏನಿದೆ?

ಇದೆಲ್ಲ ಅಮೆರಿಕದ ಕತೆಯಾಯಿತು, ನಮಗೇನು ಎಂದು ಕೇಳುವಿರಿ. 1971ರಲ್ಲಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಬಿದ್ದುದು ನಿಮ್ಮ ತಂದೆ ತಾತಂದಿರಿಗೆ ನೆನಪಿದೆ. ಎರಡು ದಶಕಗಳ ಮೇಲೆ, ಸರಕಾರದ ಕೈ ಬಿಟ್ಟು ಖಾಸಗಿ ಕೈಯಲ್ಲಿ ಅಲ್ಲಿ ಕುಲುಮೆ ಎದ್ದಿತು. ಆ ಕಾರ್ಖಾನೆಯ ವಿದ್ಯಾನಗರದಲ್ಲಿ ಕಲಾಧಾಮ ಎಂಬ ಕಟ್ಟಡವಿದೆ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬ ಕಲಾವಿದರು ಹಂಪಿಯ ಗುಡಿ-ಬಂಡೆಗಳನ್ನು ಸುತ್ತಲೂ ಚಿತ್ರ ತೆಗೆದು ಮಾಡಿದ, 2006ರಲ್ಲಿ ಹೊರದೇಶದಲ್ಲಿ ಮೊದಲು ತೋರಿಸಿದ ಒಂದು ಸಾಧನವನ್ನು 2012ರಲ್ಲಿ ಅಲ್ಲಿ ಸ್ಥಾಪಿಸಿದರು. ದುಂಡಗಿನ ಪರದೆಯ ನಡುವೆ ತಿರುಗುವ ಕಟ್ಟೆ. ಅದರ ಮೇಲೆ ಕನ್ನಡಕ ಹಾಕಿಕೊಂಡು ನಿಂತವನಿಗೆ ತಾನು ಹಂಪಿಯಲ್ಲೇ ನಿಂತಂತೆ ಭಾಸವಾಗುತ್ತದೆ. ಅಂದರೆ ನಮ್ಮ ಮನೆಯ ಬಾಗಿಲಲ್ಲೇ ಈ ವಿದ್ಯೆ ಬಂದು ಹತ್ತು ವರ್ಷಕ್ಕೂ ಮೇಲಾಯಿತು.

ಬೆಂಗಳೂರಿನಲ್ಲಿ ಗಗನಯಾನಕ್ಕೆ ಹೋಗತಕ್ಕ ಗಗನಯಾತ್ರಿಗಳ ತರಬೇತಿಗೆ ಇಸ್ರೋ ವಿಆರ್ ಸಾಧನವನ್ನಿಟ್ಟಿದೆ. ನಮ್ಮ ರಾಜ್ಯ ಸರಕಾರ 2024ರಿಂದ 2029ರವರೆಗಿನ ಒಂದು ಉದ್ಯಮ ನೀತಿಯ ಹೆಸರಿನಲ್ಲಿಯೇ 'ಎಕ್ಸ್‌ಆರ್' ಎಂಬ ಅಕ್ಷರಗಳನ್ನು ಸೇರಿಸಿದೆ. 2022ರ ಜೂನ್ 20ರಂದು ಪ್ರಧಾನಿಗಳು ಬೆಂಗಳೂರಿಗೆ ಬಂದಾಗ, ರಾಜ್ಯದ 150 ಐಟಿಐಗಳನ್ನು ಹೊಸ ತಂತ್ರಜ್ಞಾನದ ಕೇಂದ್ರಗಳಾಗಿ ಮಾಡಿದ್ದೇವೆಂದು ಸಾರಿದರು. ಖರ್ಚು ಸುಮಾರು 4,700 ಕೋಟಿ ರೂಪಾಯಿ ಎಂದು ಹೇಳಲಾಯಿತು. ಆದುದರಿಂದ ಇದು ಇಂದ್ರಜಾಲದ ಮಾತಲ್ಲ. ನಮ್ಮ ತೆರಿಗೆಯ ಹಣದ ಮಾತು, ನಿಮ್ಮ ಕಲಿಕೆಯ ಮಾತು.

ಒಳ್ಳೆಯದನ್ನು ಒಳ್ಳೆಯದೆನ್ನೋಣ

ಯಂತ್ರ ಬಂತೆಂದು ಎದೆ ಬಡಿದುಕೊಳ್ಳುವುದು ನಮ್ಮ ದಾರಿಯಲ್ಲ. ಈ ಸಾಧನದಿಂದ ಆಗುವ ಉಪಕಾರ ದೊಡ್ಡದು. ವೆಲ್ಡಿಂಗ್ ಕಲಿಯುವ ಹುಡುಗನನ್ನು ನೋಡಿ. ಒಂದು ಕಡ್ಡಿಗೆ ಎಷ್ಟು ಬೆಲೆ, ಒಂದು ತಗಡಿಗೆ ಎಷ್ಟು ಬೆಲೆ ಎಂದು ಐಟಿಐಯಲ್ಲಿ ಎಣಿಸಿ ಕೊಡುತ್ತಾರೆ. ವಿಆರ್‌ನಲ್ಲಿ ನೂರು ಸಲ ತಪ್ಪಿದರೂ ಕಡ್ಡಿ ಸುಡುವುದಿಲ್ಲ, ಕಣ್ಣು ಉರಿಯುವುದಿಲ್ಲ. ಕೈ ಎಷ್ಟು ಓರೆಯಾಗಿತ್ತು, ಎಷ್ಟು ಬೇಗ ಸರಿಯಿತು, ಕಡ್ಡಿಗೂ ತಗಡಿಗೂ ನಡುವೆ ಎಷ್ಟು ಅಂತರವಿತ್ತು ಎಂಬುದನ್ನು ಅದು ಅಳೆದು ಹೇಳುತ್ತದೆ. ಸೊಂಡೂರಿನ ಗಣಿಗಳಲ್ಲಿ ಓಡುವಂಥ ದೊಡ್ಡ ಡಂಪರನ್ನು ನಡೆಸಲು ಕಲಿಯುವವನು ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಏನು ಮಾಡಬೇಕೆಂಬುದನ್ನು ನಿಜವಾದ ಡಂಪರಿನ ಮೇಲೆ ಕಲಿಯುವುದು ಹೇಗೆ? ಒಂದೇ ಸಲ ಕಲಿಯಬಹುದು, ಎರಡನೆಯ ಸಲಕ್ಕೆ ಆತ ಇರುವುದಿಲ್ಲ. ಗಣಿಗೆ ಇಳಿಯುವವನಿಗೆ ತರಬೇತಿ ಕೊಡಲೇಬೇಕೆಂದು 1966ರಲ್ಲಿಯೇ ಸರಕಾರ ನಿಯಮ ಮಾಡಿತು. ಆದರೆ ಅಪಾಯವನ್ನು ಅಪಾಯವಿಲ್ಲದೆ ತೋರಿಸುವ ದಾರಿ ಆಗ ಇರಲಿಲ್ಲ. ಈಗ ಇದೆ.

ಇನ್ನೊಂದು ಉದಾಹರಣೆ. ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 20ಕ್ಕೂ ಹೆಚ್ಚು ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ತಲೆ ನೋಯುತ್ತದೆ, ಕಾಲು ಸೋಲುತ್ತದೆ, ಕೂರಬೇಕೆನಿಸುತ್ತದೆ. ಕುಳಿತವನು ಏಳುವುದಿಲ್ಲ. ಇದನ್ನು ಪಾಠದಲ್ಲಿ ಹೇಳಬಹುದೇ ಹೊರತು ಸೋರಿಸಿ ತೋರಿಸಲಾಗದು. ವಿಆರ್‌ನಲ್ಲಿ ತೋರಿಸಬಹುದು. ಹೀಗೆ ನೂರು ಜನರಿಗೆ ತೋರಿಸಿ ಒಬ್ಬನ ಜೀವ ಉಳಿದರೂ ಆ ಡಬ್ಬಿಗೆ ಕೊಟ್ಟ ದುಡ್ಡು ಸಾರ್ಥಕವೆಂದು ನಾನು ಹೇಳುತ್ತೇನೆ.

ಹಳದಿ ಹೊಗೆ

ಆದರೆ ಈಗ ನಾನು ಕಂಡ ಒಂದು ಸಂಗತಿ ಹೇಳಬೇಕು. ಏಳನೆಯ ತರಗತಿಯಲ್ಲಿ ನನ್ನ ಕೈಕೆಳಗೆ ಓದಿದ ಕೂಡ್ಲಿಗಿ ತಾಲ್ಲೂಕಿನ ಹುಡುಗನೊಬ್ಬ ಫಿಟ್ಟರ್ ಕಲಿತು ಹೊರರಾಜ್ಯದ ಒಂದು ಕಾರ್ಖಾನೆಗೆ ಕಂಟ್ರಾಕ್ಟಿನ ಮೇಲೆ ಹೋದ. ಕಾರ್ಖಾನೆಯ ಹೆಸರು ನಮಗೆ ಬೇಡ. ಮೊದಲ ದಿನವೇ ತಲೆಗೆ ಡಬ್ಬಿ ಕಟ್ಟಿ ಅನಿಲ ಸೋರಿಕೆಯ ಪಾಠ ತೋರಿಸಿದರು. ಅರ್ಧ ಗಂಟೆ. ಅಕ್ಷರವೆಲ್ಲ ಇಂಗ್ಲಿಷ್, ಮಾತೆಲ್ಲ ಹಿಂದಿ. ಆತನಿಗೆ ಎರಡೂ ಅಷ್ಟಕ್ಕಷ್ಟೆ. ಪಾಠದಲ್ಲಿ ಕೊಳವೆಯ ಸಂದಿನಿಂದ ಹಳದಿ ಹೊಗೆ ಬುಸುಬುಸು ಎಂದು ಹೊರಟಿತು. ಕೊನೆಯಲ್ಲಿ ಪ್ರಶ್ನೆಗಳು ಬಂದವು. ಒಂದು ಸಲ ತಪ್ಪಾದರೆ ಇನ್ನೊಂದು ಸಲ ಒತ್ತಬಹುದು. ಒತ್ತಿದ, ಪಾಸಾದ. ಮೊಬೈಲಿಗೆ ಸರ್ಟಿಫಿಕೇಟು ಬಂತು. ಊರಿಗೆ ಕಳಿಸಿ ತಾಯಿಗೆ ತೋರಿಸಿದ.

ತಿಂಗಳು ಕಳೆಯಿತು. ಒಂದು ರಾತ್ರಿ ಪಾಳಿಯಲ್ಲಿ ಎದೆಗೆ ಸಿಕ್ಕಿಸಿದ್ದ ಅಳತೆಯ ಯಂತ್ರ ಕೂಗತೊಡಗಿತು. ಈತ ಸುತ್ತಲೂ ನೋಡಿದ. ಹಳದಿ ಹೊಗೆ ಎಲ್ಲಿಯೂ ಇಲ್ಲ. ಯಂತ್ರ ಕೆಟ್ಟಿರಬೇಕೆಂದು ಅದನ್ನು ತಟ್ಟುತ್ತ ನಿಂತ. ಹರಪನಹಳ್ಳಿ ಕಡೆಯ ಹಿರಿಯ ಕೆಲಸಗಾರನೊಬ್ಬ ಓಡಿಬಂದು ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋದ. ಬದುಕಿದ. ಎರಡು ದಿನ ವಾಂತಿ, ತಲೆನೋವು. ಆ ಎರಡು ದಿನಕ್ಕೆ ಕೂಲಿ ಇಲ್ಲ. ಕೇಳಿದ್ದಕ್ಕೆ ಮೇಲಿನವರು ಆತನದೇ ಸರ್ಟಿಫಿಕೇಟು ತೆಗೆದು ತೋರಿಸಿದರು. 'ನೀನು ತರಬೇತಿ ಪಡೆದವನು, ತಪ್ಪು ನಿನ್ನದು' ಎಂದರು.

ಹಳದಿ ಬಣ್ಣ ಎಲ್ಲಿಂದ ಬಂತು? ಕಾಣದ ಅನಿಲವನ್ನು ಕಾಣಿಸಲು ಚಿತ್ರ ಮಾಡಿದವರು ಬಣ್ಣ ಹಚ್ಚಿದ್ದರು. 'ನಿಜದಲ್ಲಿ ಇದು ಕಾಣುವುದಿಲ್ಲ' ಎಂದು ಹಿಂದಿಯಲ್ಲಿ ಒಂದು ಮಾತು ಹೇಳಿಯೂ ಇದ್ದರಂತೆ. ಆ ಒಂದು ಮಾತು ಇವನಿಗೆ ತಿಳಿಯಲಿಲ್ಲ. ರಜೆಗೆ ಬಂದಾಗ ನನ್ನೊಡನೆ ಆಡಿದ ಮಾತು ಇದು: 'ಮೇಷ್ಟ್ರೇ, ಆ ಡಬ್ಬಿ ಸುಳ್ಳು ಹೇಳಲಿಲ್ಲ. ಅದರ ಮಾತು ನನಗೆ ತಿಳಿಯಲಿಲ್ಲ.'

ನಾನು ಹಲವು ವರ್ಷ ಪಾಠ ಹೇಳಿದವನು. ಬೋರ್ಡಿನ ಮೇಲೆ ಬರೆದದ್ದೆಲ್ಲ ಹುಡುಗರ ತಲೆಗೆ ಹೋಯಿತೆಂದು ನಂಬಿದ ಮೇಷ್ಟ್ರು ಕೆಟ್ಟ ಮೇಷ್ಟ್ರು. ಹುಡುಗನ ಮುಖ ನೋಡಬೇಕು, ತಿರುಗಿ ಕೇಳಬೇಕು, ಅವನ ಬಾಯಲ್ಲಿ ಹೇಳಿಸಬೇಕು. ಡಬ್ಬಿ ಕಟ್ಟಿದ ಮೇಲೆ ಮುಖವೇ ಕಾಣುವುದಿಲ್ಲ. ಆದುದರಿಂದ ಅಲ್ಲಿ ಮೇಷ್ಟ್ರ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಕಣ್ಣು, ಕೈ ಮತ್ತು ಪೆಟ್ಟಿಗೆ

ಈ ಸಾಧನಕ್ಕೆ ಇನ್ನೂ ಕೆಲವು ಮಿತಿಗಳಿವೆ. ತಲೆ ತಿರುಗಿಸಿದ್ದಕ್ಕೂ ಚಿತ್ರ ತಿರುಗುವುದಕ್ಕೂ ನಡುವೆ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ಹಲವರಿಗೆ ತಲೆ ಸುತ್ತಿ ಹೊಟ್ಟೆ ತೊಳಸುತ್ತದೆ. ಕಣ್ಣು ಓಡುತ್ತಿದ್ದೇನೆ ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ನಿಂತಿದ್ದೇನೆ ಎನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ಹತ್ತಿರದ ವಸ್ತುವನ್ನು ನೋಡಲು ಎರಡು ಕಣ್ಣೂ ಒಳಕ್ಕೆ ತಿರುಗುತ್ತವೆ, ಆದರೆ ಪರದೆಯ ದೂರ ಬದಲಾಗದ ಕಾರಣ ಕಣ್ಣಿನ ಮಸೂರ ಒಂದೇ ದೂರಕ್ಕೆ ನಿಂತಿರಬೇಕು. ಹೀಗೆ ಬಹಳ ಹೊತ್ತು ಮಾಡಿದರೆ ಕಣ್ಣು ದಣಿಯುತ್ತದೆ. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಶೆಡ್ಡಿನಲ್ಲಿ, ಒಬ್ಬನ ಬೆವರು ಆರುವ ಮೊದಲೇ ಇನ್ನೊಬ್ಬನ ಮುಖಕ್ಕೆ ಅದೇ ಡಬ್ಬಿ ಕಟ್ಟುವುದೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಕೈಯ ಮಾತೂ ಇದೆ. ಸ್ಪಾನರಿಗೆ ನಟ್ಟು ಬಿಗಿಯಾಯಿತು ಎಂಬುದು ಮುಂಗೈಗೆ ತಿಳಿಯುತ್ತದೆ, ಕಣ್ಣಿಗಲ್ಲ. ಬೇರಿಂಗು ಕೆಟ್ಟಿತೆಂಬುದನ್ನು ಹಳೆಯ ಫಿಟ್ಟರು ಸದ್ದಿನಿಂದಲೂ ಬಿಸಿಯಿಂದಲೂ ಹೇಳುತ್ತಾನೆ. ಡಬ್ಬಿಯಲ್ಲಿ ಕಲಿತದ್ದನ್ನು ಕಬ್ಬಿಣದ ಮೇಲೆ ಮಾಡಿ ನೋಡಿದಾಗಲೇ ವಿದ್ಯೆ ಕೈಗೆ ಬರುವುದು.

ಇನ್ನು ಪೆಟ್ಟಿಗೆಯ ಆಯುಸ್ಸು. ಗೂಗಲ್ ಕಂಪನಿ ಕಾರ್ಖಾನೆಗಳಿಗೆಂದು ಮಾಡಿದ ಕನ್ನಡಕವನ್ನು 2023ರಲ್ಲಿ ಮಾರುವುದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಕಂಪನಿಯ ಹೋಲೋಲೆನ್ಸ್ 2 ಎಂಬುದು 2019ರಲ್ಲಿ 3,500 ಡಾಲರಿಗೆ ಮಾರಾಟಕ್ಕೆ ಬಂತು. 2024ರಲ್ಲಿ ಅದರ ತಯಾರಿಕೆ ನಿಂತಿತು. ಕಂಪನಿಗಳಿಗೆ ಲಾಭ ಕಾಣದಿದ್ದರೆ ಬಿಟ್ಟು ಹೋಗುತ್ತವೆ. ಅವನ್ನೇ ನಂಬಿ ಪಾಠ ಬರೆದ ಶಾಲೆಯ ಬೀರುವಿನಲ್ಲಿ ದುಬಾರಿ ಡಬ್ಬಿಗಳು ದೂಳು ತಿನ್ನುತ್ತವೆ. ನಮ್ಮ ಐಟಿಐಗಳಿಗೆ ಸಾಮಾನು ಕೊಳ್ಳುವವರು ಈ ಪಾಠವನ್ನು ಮೊದಲು ಓದಬೇಕು.

ಉಳಿದ ಸಮಯ ಯಾರದು?

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ತಂತಿಯ ಕಂತೆ ಕಟ್ಟುವ ಕೆಲಸದಲ್ಲಿ ಎಆರ್ ಕನ್ನಡಕ ಬಳಸಿದ್ದರಿಂದ ನಾಲ್ಕರಲ್ಲಿ ಒಂದು ಪಾಲು ಸಮಯ ಉಳಿಯಿತೆಂದು ಬೋಯಿಂಗ್ ಕಂಪನಿ ತಾನೇ ಹೇಳಿಕೊಂಡಿದೆ. ಒಳ್ಳೆಯದು. ಎಂಟು ಗಂಟೆಯ ಕೆಲಸ ಆರು ಗಂಟೆಯಲ್ಲಿ ಮುಗಿಯಿತು ಎಂದಿಟ್ಟುಕೊಳ್ಳೋಣ. ಉಳಿದ ಎರಡು ಗಂಟೆ ಯಾರದು? ಕೆಲಸಗಾರ ಎರಡು ಗಂಟೆ ಮೊದಲೇ ಮನೆಗೆ ಹೋಗುತ್ತಾನೆಯೇ? ಅವನ ಕೂಲಿ ಹೆಚ್ಚುತ್ತದೆಯೇ? ಅಥವಾ ನಾಲ್ವರ ಕೆಲಸವನ್ನು ಮೂವರು ಮಾಡಿ, ನಾಲ್ಕನೆಯವನು ಹಗರಿಬೊಮ್ಮನಹಳ್ಳಿಯ ಬಸ್ ಹತ್ತುತ್ತಾನೆಯೇ? ಯಂತ್ರ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಸಂಘ ಹೇಳಿಸಬೇಕು.

ಎರಡನೆಯದು, ವಿದ್ಯೆಯ ಒಡೆತನ. ಮೂವತ್ತು ವರ್ಷ ದುಡಿದ ಮೇಸ್ತ್ರಿಯ ಕೈಚಳಕವನ್ನು ಕ್ಯಾಮರಾ ಕನ್ನಡಕದಿಂದ ಸೆರೆಹಿಡಿದು ಪಾಠ ಮಾಡುತ್ತಾರೆ. ಆ ಪಾಠ ಕಂಪನಿಯ ಆಸ್ತಿಯಾಗುತ್ತದೆ. ನಾಳೆ ಆ ಮೇಸ್ತ್ರಿಯಿಲ್ಲದೆಯೇ ಹೊಸಬರನ್ನು ಕಡಿಮೆ ಕೂಲಿಗೆ ನಿಲ್ಲಿಸಬಹುದು. ವಿದ್ಯೆ ಹಂಚುವುದು ಪುಣ್ಯದ ಕೆಲಸ, ಬೇಡವೆನ್ನೆವು. ಆದರೆ ಕೊಟ್ಟವನಿಗೆ ಹೆಸರೂ ಇಲ್ಲ, ಪಾಲೂ ಇಲ್ಲ ಎಂದರೆ ಅದು ಹಂಚಿಕೆಯಲ್ಲ.

ಮೂರನೆಯದು, ಕಣ್ಣಿನ ಲೆಕ್ಕ. ಈ ಡಬ್ಬಿಗಳು ನಿಮ್ಮ ತಲೆ ಎತ್ತ ತಿರುಗಿತು, ಕೈ ಎಷ್ಟು ಹೊತ್ತು ಸುಮ್ಮನಿತ್ತು ಎಂಬುದನ್ನೆಲ್ಲ ಬರೆದಿಡುತ್ತವೆ. ಕೆಲವು ಕಣ್ಣುಗುಡ್ಡೆಯ ಚಲನೆಯನ್ನೂ ಬರೆದಿಡುತ್ತವೆ. ಹಿಂದೆ ಮೇಲ್ವಿಚಾರಕ ಬೆನ್ನ ಹಿಂದೆ ನಿಲ್ಲುತ್ತಿದ್ದ, ಈಗ ಕಣ್ಣೊಳಗೆ ಕೂರುತ್ತಾನೆ. 2023ರಲ್ಲಿ ಪಾರ್ಲಿಮೆಂಟು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆ ಮಾಡಿತು. ಅದರ ಏಳನೆಯ ಕಲಮಿನಲ್ಲಿ, ಒಪ್ಪಿಗೆ ಪಡೆಯದೆಯೂ ಮಾಹಿತಿ ಬಳಸಬಹುದಾದ ಕಾರಣಗಳ ಪಟ್ಟಿಯಿದೆ. 'ನೌಕರಿಯ ಉದ್ದೇಶ' ಎಂಬುದು ಅದರಲ್ಲಿ ಸೇರಿದೆ. ಊರಿಗೆಲ್ಲ ಬೇಲಿ ಹಾಕಿ ಮಾಲೀಕನಿಗೆ ಮಾತ್ರ ಗೇಟು ಬಿಟ್ಟಂತಾಯಿತು. ನಮ್ಮ ಜಿಲ್ಲೆಯ ತೊಗಲುಗೊಂಬೆ ಆಟ ನೀವೆಲ್ಲ ನೋಡಿದ್ದೀರಿ. ಪರದೆಯ ಮೇಲೆ ಗೊಂಬೆ ಕುಣಿಯುವಾಗ ಮಕ್ಕಳು ಗೊಂಬೆ ನೋಡುತ್ತಾರೆ. ದೊಡ್ಡವರು ಪರದೆಯ ಹಿಂದೆ ಕಡ್ಡಿ ಹಿಡಿದವನು ಯಾರೆಂದು ಕೇಳಬೇಕು.

ನಮ್ಮ ಬೇಡಿಕೆಗಳು

ಮೊದಲನೆಯದಾಗಿ, ಸುರಕ್ಷತೆಯ ಪಾಠ ಕೆಲಸಗಾರನ ಭಾಷೆಯಲ್ಲಿರಬೇಕು. ಕರ್ನಾಟಕದ ಕಾರ್ಖಾನೆಯಲ್ಲಿ ಕನ್ನಡದಲ್ಲಿ ಇರಲೇಬೇಕು. ಬಿಹಾರದಿಂದಲೋ ಒಡಿಶಾದಿಂದಲೋ ಬಂದ ತಮ್ಮಂದಿರಿಗೆ ಅವರ ಭಾಷೆಯಲ್ಲಿ. ಇದು ಅಭಿಮಾನದ ಪ್ರಶ್ನೆಗಿಂತ ಜೀವದ ಪ್ರಶ್ನೆ.

ಎರಡನೆಯದಾಗಿ, ಡಬ್ಬಿಯ ಪಾಠದ ಹಿಂದೆಯೇ ಅದೇ ಸ್ಥಳದಲ್ಲಿ ಕಾಲ್ನಡಿಗೆಯ ಪಾಠವಾಗಬೇಕು. ಕವಾಟ ಎಲ್ಲಿದೆ, ಓಡುವ ದಾರಿ ಯಾವುದು, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಕೆಲಸಗಾರ ಕೈ ಮಾಡಿ ತೋರಿಸಿದ ಮೇಲೆಯೇ ಸರ್ಟಿಫಿಕೇಟು. ಗುಂಡಿ ಒತ್ತಿ ಪಡೆದ ಕಾಗದವನ್ನು ಅಪಘಾತವಾದಾಗ ಅವನ ಮೇಲೇ ಸಾಕ್ಷಿಯಾಗಿ ತರಕೂಡದು.

ಮೂರನೆಯದಾಗಿ, ತರಬೇತಿಯ ಹೊತ್ತು ಕೆಲಸದ ಹೊತ್ತೇ. ಕಂಟ್ರಾಕ್ಟಿನವನಿಗೂ ಅದಕ್ಕೆ ಪೂರ್ತಿ ಕೂಲಿ ಸಲ್ಲಬೇಕು. ತಲೆ ಸುತ್ತಿತೆಂದವನಿಗೆ ಡಬ್ಬಿ ಕಳಚುವ ಹಕ್ಕಿರಬೇಕು.

ನಾಲ್ಕನೆಯದಾಗಿ, ಡಬ್ಬಿ ಬರೆದಿಟ್ಟ ಲೆಕ್ಕದ ಒಂದು ಪ್ರತಿ ಕೆಲಸಗಾರನ ಕೈಗೆ ಬರಬೇಕು. ಕಲಿಸಲು ಬರೆದ ಲೆಕ್ಕದಿಂದ ಕೂಲಿ ಕಡಿಯುವುದೂ ಕೆಲಸದಿಂದ ತೆಗೆಯುವುದೂ ಆಗಬಾರದು.

ಐದನೆಯದಾಗಿ, ನಮ್ಮ ಐಟಿಐಗಳ ಗೋಡೆಯ ಮೇಲೆ ಬೋರ್ಡು ಬೇಕು. ಯಾವ ಯಂತ್ರ ಬಂದಿದೆ, ಕೆಟ್ಟಿದ್ದು ಎಷ್ಟು, ಪ್ರತಿ ಹುಡುಗನಿಗೆ ವಾರಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂದು ಬರೆದಿರಬೇಕು. ಒಂದು ಡಬ್ಬಿ, 20 ಹುಡುಗರು, ಒಂದು ಗಂಟೆಯ ತರಗತಿ ಎಂದರೆ ತಲೆಗೆ ಮೂರು ನಿಮಿಷ. ಮೂರು ನಿಮಿಷದಲ್ಲಿ ಡಬ್ಬಿಯ ಪಟ್ಟಿ ಸರಿಮಾಡಿಕೊಳ್ಳುವುದೇ ಮುಗಿಯುವುದಿಲ್ಲ. ಇಂಥ ಲೆಕ್ಕ ಹಾಕಲು ಏಳನೆಯ ತರಗತಿಯ ಗಣಿತ ಸಾಕು. ನಿಮ್ಮ ನಿಮ್ಮ ಐಟಿಐಗೆ ಹೋಗಿ ಈ ವಾರವೇ ಹಾಕಿರಿ.

ಕೊನೆಯದಾಗಿ ಒಂದು ಮಾತು. 1952ರಲ್ಲಿ ಪಚ್‌ಮಢಿಯ ಸಮ್ಮೇಳನದಲ್ಲಿ ಡಾಕ್ಟರ್ ಲೋಹಿಯಾ ಅವರು ಸಣ್ಣ ಬಂಡವಾಳದಿಂದ ಊರೂರಿನಲ್ಲಿ ನಡೆಯಬಲ್ಲ ಸಣ್ಣ ಯಂತ್ರದ ವಿಚಾರವನ್ನು ಮುಂದಿಟ್ಟರು. ಆ ಅಳತೆಗೋಲನ್ನು ಇಲ್ಲಿಗೂ ಇಡಬಹುದು. ದೊಡ್ಡ ಕಾರ್ಖಾನೆಗೆ ಆಳು ತಯಾರಿಸುವುದಕ್ಕೆ ಮಾತ್ರ ಈ ವಿದ್ಯೆ ಏಕೆ? ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಸುತ್ತುವುದು ಹೇಗೆ, ಕಂಬ ಹತ್ತುವ ಲೈನ್‌ಮನ್ ಕರೆಂಟು ಹೋಗಿದೆಯೆಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ, ಒಕ್ಕುವ ಯಂತ್ರಕ್ಕೆ ಕೈ ಸಿಕ್ಕದಂತೆ ತೆನೆ ಕೊಡುವುದು ಹೇಗೆ? ಈ ಪಾಠಗಳನ್ನು ಕನ್ನಡದಲ್ಲಿ ಮಾಡಿ ಐದೂ ತಾಲ್ಲೂಕುಗಳ ಐಟಿಐಗಳಲ್ಲಿ ಸಂಜೆ ಹೊತ್ತು ಎಲ್ಲರಿಗೂ ತೆರೆದಿಡಲಿ. ಕೂಡ್ಲಿಗಿಯ ಹೆಣ್ಣುಮಗಳು ಅದನ್ನು ಕಲಿತು ಊರಲ್ಲೇ ಮೋಟಾರು ರಿಪೇರಿಯ ಅಂಗಡಿ ಇಟ್ಟರೆ, ಒಬ್ಬರ ಗುಳೆಯಾದರೂ ತಪ್ಪುತ್ತದೆ.

ನನ್ನ ಆ ಶಿಷ್ಯ ಇಂದು ಇಲ್ಲಿಗೆ ಬರಲಿಲ್ಲ. ರಜೆ ಸಿಗಲಿಲ್ಲ. ಆದರೆ ಒಂದು ಸುದ್ದಿ ಕಳಿಸಿದ್ದಾನೆ. ಹೊಸದಾಗಿ ಬಂದ ಕನ್ನಡದ ಹುಡುಗರಿಗೆ ಡಬ್ಬಿ ಕಳಚಿದ ಕೂಡಲೇ ಅವನೇ ಪಕ್ಕಕ್ಕೆ ಕರೆದು ಹೇಳುತ್ತಾನಂತೆ: 'ಹಳದಿ ಬಣ್ಣ ಮರೆತುಬಿಡು. ಎದೆಯ ಮೇಲಿನ ಯಂತ್ರ ಕೂಗಿತೋ, ಗಾಳಿಗೆ ಅಡ್ಡವಾಗಿ ಓಡು.' ಯಾರೂ ಅವನಿಗೆ ಇದಕ್ಕೆ ಸಂಬಳ ಕೊಡುವುದಿಲ್ಲ. ಅವನು ಒಬ್ಬನೇ ಮಾಡುತ್ತಿರುವ ಈ ಕೆಲಸವನ್ನು ಕಾರ್ಖಾನೆಯ ಕಟ್ಟಳೆಯಾಗಿ ಮಾಡಿಸುವುದು ನಮ್ಮೆಲ್ಲರ ಕೆಲಸ. ಅದನ್ನು ಮಾಡೋಣ.